ಪಂಕ್ತಿ ಏಳುವ ಮುಂಚೆ ಪಾತ್ರೆ ಎತ್ತಿದವಳು

ಇಂಗಿನ ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಅಮ್ಮನ ನೆನಪಾಗುತ್ತದಂತೆ. ನನಗೆ ಜಾವಾಸ್ಕ್ರಿಪ್ಟ್ ನೆನಪಾಗುತ್ತದೆ, ವೆಬ್ ಪುಟ ಬರೆಯುವ ಭಾಷೆ. ಹುಬ್ಬಳ್ಳಿಯಲ್ಲಿರುವ ಅಮ್ಮನಿಗೆ ಇದನ್ನು ಹೇಳಿಲ್ಲ, ಹೇಳಿದರೆ ಮಗಳಿಗೆ ಯಾರದೋ ದೃಷ್ಟಿ ತಾಕಿದೆ ಎಂದು ತಾಯತ ಕಟ್ಟಿಸಿಕೊಂಡು ಬರುತ್ತಾಳೆ. ಕಳೆದ ತಿಂಗಳು ಕಂಪನಿಯ ಕೆಲಸದ ಮೇಲೆ ಪುಣೆಯಿಂದ ಕೋಲ್ಕತ್ತಾಕ್ಕೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಸದರ್ನ್ ಅವೆನ್ಯೂದ ಹಿಂದಿನ ಗಲ್ಲಿಗೆ ಕಾಲಿಟ್ಟೆ, ಆ ವಾಸನೆ ಬಂತು. ಹಸಿವಿನ ಜೊತೆಗೇ ಹಳೆಯ ಹೆದರಿಕೆಯೊಂದು ಎದ್ದು ಕೂತಿತು. ಐದು ವರ್ಷದ ಹಿಂದಿನ ದುರ್ಗಾಪೂಜೆಯ ಕಾಲದ ಹೆದರಿಕೆ ಅದು.

ಆಗ ನಾನು ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ಮನೆಯೊಂದರ ಮೇಲಿನ ಕೋಣೆಯಲ್ಲಿದ್ದೆ. ಲೋಕಲ್ ರೈಲು ಹೋದಾಗಲೆಲ್ಲ ಮೇಜಿನ ಮೇಲಿನ ಸ್ಟೀಲ್ ಲೋಟ ಒಂದು ಬೆರಳು ಮುಂದೆ ಸರಿಯುತ್ತಿತ್ತು. ಸಂಜೆಯೊಳಗೆ ಅದು ಬೀಳದಂತೆ ನೋಡಿಕೊಳ್ಳುವುದು ನನ್ನ ಮನೆಗೆಲಸಗಳಲ್ಲಿ ಒಂದು. ಕೆಲಸ ಐಟಿ ಕಂಪನಿಗಳಿರುವ ಸೆಕ್ಟರ್ ಫೈವ್‌ನಲ್ಲಿ. ಜನರ ಕಣ್ಣಿಗೆ ಬೀಳುವ ವೆಬ್ ಪುಟಗಳನ್ನು ಕಟ್ಟುವುದು. ಆಫೀಸಿನ ಕ್ಯಾಬ್‌ನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ಆಯುಷ್ಯ ಮುಗಿಯುತ್ತಿತ್ತು, ಉಳಿದರ್ಧವನ್ನು ನಾನು ಆ ಗಲ್ಲಿಯ ವಾದಿರಾಯರ ಹೋಟೆಲಿನಲ್ಲಿ ತಿನ್ನುತ್ತಾ ಕಳೆದೆ.

ವಾದಿರಾಯರು ಉಡುಪಿ ಕಡೆಯವರು. ಕೋಲ್ಕತ್ತಾಕ್ಕೆ ಬಂದು ನಲವತ್ತು ವರ್ಷವಾಗಿದ್ದರೂ ಬಂಗಾಳಿಯನ್ನು ಉಡುಪಿಯ ರಾಗದಲ್ಲೇ ಆಡುತ್ತಿದ್ದರು. ವಾರವಿಡೀ ಅದು ಎಲ್ಲ ಹೋಟೆಲಿನಂತೆ ದೋಸೆ, ಇಡ್ಲಿ. ಭಾನುವಾರ ಮಧ್ಯಾಹ್ನ ಮಾತ್ರ ಹಿಂದಿನ ಹಾಲಿನಲ್ಲಿ ಉದ್ದಕ್ಕೆ ಬೆಂಚು ಹಾಕಿ ಬಾಳೆಎಲೆ ಊಟ. ಊರಿನಲ್ಲಿ ಪಂಕ್ತಿ ಎಂಬ ಮಾತಿಗೆ ಬೇರೆ ಬೇರೆ ಅರ್ಥಗಳಿವೆ, ಅವೆಲ್ಲ ಅಷ್ಟು ಚಂದದವೂ ಅಲ್ಲ. ಈ ಹಾಲಿನಲ್ಲಿ ಯಾರ ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಕೊನೆಯವರು ಉಂಡು ಮುಗಿಸುವವರೆಗೆ ಮಾತ್ರ ಯಾರೂ ಏಳುವ ಹಾಗಿಲ್ಲ. ಫೋನ್ ಬಂದರೂ ಇಲ್ಲ, ಕ್ಯಾಬ್ ಬಂದರೂ ಇಲ್ಲ. ಒಮ್ಮೆ ಒಬ್ಬರು ಎದ್ದುಹೋದರೆಂದು ವಾದಿರಾಯರು ಅವರ ಚಪ್ಪಲಿಯನ್ನು ಒಳಗಿಟ್ಟುಕೊಂಡಿದ್ದರಂತೆ. ಸಾರು ಬಡಿಸುವುದು ಅವರೊಬ್ಬರೇ. ಆ ಸೌಟನ್ನು ಹೆಂಡತಿಗೂ ಕೊಟ್ಟದ್ದಿಲ್ಲ.

ಅವರ ಮಗಳು ಶ್ರಾವ್ಯ ಆ ವರ್ಷ ಕಾಲೇಜು ಮುಗಿಸಿದ್ದಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಮೂರು ಭಾಷೆಯ ಮಿಶ್ರ ಪಲ್ಯ. ಅವಳಿಗೆ ಹೋಟೆಲ್ ತಾನೇ ನಡೆಸಬೇಕೆಂಬ ಆಸೆ. ಅಪ್ಪನಿಗೆ, ಹೊಗೆಯಲ್ಲಿ ನಿಲ್ಲುವುದು ತನ್ನೊಂದಿಗೇ ಮುಗಿಯಲಿ ಎಂಬ ಹಟ. ಪೂಜೆ ಕಳೆದ ಮೇಲೆ ಜಾಗವನ್ನು ಮೊಮೊ ಮಾಡುವವರೊಬ್ಬರಿಗೆ ಬಿಟ್ಟುಕೊಡುವುದೆಂದು ಅವರು ಮಾತು ಕೊಡುವುದರಲ್ಲಿದ್ದರು. ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು.

ದುರ್ಗಾಪೂಜೆಯ ಅಷ್ಟಮಿಯ ದಿನ ನಮ್ಮ ಪಾಡಾದ, ಅಂದರೆ ಕೇರಿಯ, ಎಷ್ಟೋ ಮನೆಗಳಲ್ಲಿ ಮೀನು ಮಾಂಸವಿಲ್ಲ, ನಿರಾಮಿಷ. ಆ ಮಧ್ಯಾಹ್ನದ ಊಟ ವಾದಿರಾಯರ ಹೋಟೆಲಿನಿಂದ ಹೋಗುತ್ತಿತ್ತು. ಹಿಂದಿನ ವರ್ಷ ಆರ್ಡರುಗಳನ್ನೆಲ್ಲ ಅವರು ಫೋನಿನಲ್ಲಿ ಕೇಳಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದರು. ಹನ್ನೊಂದು ಬ್ಯಾನರ್ಜಿಗಳು. ಯಾವ ಬ್ಯಾನರ್ಜಿಗೆ ಪಾಯಸ ಬೇಡ, ಯಾವ ಬ್ಯಾನರ್ಜಿಗೆ ಎರಡು ಪಾಯಸ ಎಂಬುದು ದಶಮಿಯವರೆಗೂ ತೀರ್ಮಾನವಾಗಲಿಲ್ಲ. ಈ ಸಲ ವೆಬ್ ಪುಟದಲ್ಲಿ ಆರ್ಡರ್ ತೆಗೆದುಕೊಳ್ಳೋಣ ಎಂದಳು ಶ್ರಾವ್ಯ. ತಕರಾರಿಲ್ಲದೆ ಅಷ್ಟಮಿ ದಾಟಿದರೆ ಹೋಟೆಲ್ ಅವಳದು. ಕ್ಯಾಲೆಂಡರನ್ನು ಮತ್ತೆ ಗೋಡೆಯಿಂದ ಇಳಿಸಬೇಕಾಗಿ ಬಂದರೆ ಮೊಮೊದವರದು.

ಪುಟ ಕಟ್ಟಿಕೊಡುತ್ತೇನೆಂದು ಮುಂದೆ ಬಿದ್ದವಳು ನಾನು. ಯಾರೂ ಕೇಳಿರಲಿಲ್ಲ. ಸೆಕ್ಟರ್ ಫೈವ್‌ನವಳೆಂಬ ಜಂಭ.

ಭಾದ್ರಪದ ಮಾಸ. ಮಳೆ, ಹೊರಟೆ ಹೊರಟೆ ಎನ್ನುತ್ತಾ ಬಾಗಿಲಲ್ಲೇ ನಿಂತು ಮಾತಾಡುವ ನೆಂಟರ ಹಾಗೆ, ದಿನಕ್ಕೊಮ್ಮೆ ಬಂದು ಹೋಗುತ್ತಿತ್ತು. ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ನೀರು ಇಳಿದ ಮೇಲೆ ಮೈಗಂಟುವ ಸೆಕೆ. ಪೆಂಡಾಲಿನ ಬಿದಿರುಗಳು ರಸ್ತೆಗೆ ಅಡ್ಡ ಬಿದ್ದಿದ್ದವು. ನಾನು ಬೆವರುತ್ತಾ ಪುಟ ಕಟ್ಟಿದೆ. ಅದರಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎನ್ನುವುದು ಸುಲಭ. ಹಬೆಯಾಡುವ ಇಡ್ಲಿಯ ವಿಡಿಯೋ, ಮನೆ ಹುಡುಕಲು ನಕ್ಷೆ, ತಿಥಿ ತೋರಿಸುವ ಪಂಚಾಂಗ, ಮಸಾಲೆಯ ಖಾರಕ್ಕೆ ಬಣ್ಣ ಬದಲಾಯಿಸುವ ಥರ್ಮಾಮೀಟರು. ಕೊನೆಯದು ಯಾಕೆ ಹಾಕಿದೆನೋ ಈಗಲೂ ಗೊತ್ತಿಲ್ಲ, ಊಟದಲ್ಲಿ ಖಾರದ್ದೇನೂ ಇರಲಿಲ್ಲ. ಆಫೀಸಿನ ನೆಟ್‌ವರ್ಕಿನಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತಿತ್ತು. ನಾನು ಸಂತೋಷದಿಂದ ಅದನ್ನು ಸರ್ಕಾರ್ ಬಾಬುಗೆ ಕಳಿಸಿದೆ.

ಸರ್ಕಾರ್ ಬಾಬು ಎದುರಿನ ಕಟ್ಟಡದ ಪೂಜಾ ಸಮಿತಿಯ ಕಾರ್ಯದರ್ಶಿ, ನಿವೃತ್ತ ಮೇಷ್ಟರು. ಹದಿನೆಂಟು ಫ್ಲ್ಯಾಟುಗಳ ಊಟದ ಜವಾಬ್ದಾರಿ ಅವರ ಮೇಲೆ. ಅವರ ಫೋನಿಗೆ ಅಂಚಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿತ್ತು. ಪುಟ ಒತ್ತಿದರು, ಬಿಳಿ. ಮೀನು ತರಲು ಮಾರ್ಕೆಟ್ಟಿಗೆ ಹೋಗಿ ಬಂದರು, ಇನ್ನೂ ಬಿಳಿ. ಮೀನು ಕೊಯ್ದಾಗುವ ಹೊತ್ತಿಗೆ ಇಡ್ಲಿಯ ಅರ್ಧ ಭಾಗ ಕಾಣಿಸಿತಂತೆ. ಸಂಜೆ ಹೋಟೆಲಿಗೆ ಬಂದು, ಪರೀಕ್ಷೆಯ ಫಲಿತಾಂಶ ಓದುವ ದನಿಯಲ್ಲಿ, "ಖುಲ್ಛೇ ನಾ" ಎಂದರು. ತೆರೆಯುತ್ತಿಲ್ಲ ಎಂದರ್ಥ. ನಾನು ಅವರ ಫೋನು ಹಳೆಯದೆಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ವಾದಿರಾಯರಿಗೆ ಆ ಬಂಗಾಳಿ ಮಾತು ಬಹಳ ಹಿಡಿಸಿತು. ಮರುದಿನದಿಂದ ನನ್ನ ಹೆಸರು ರೇಣುಕಾ ಹೋಗಿ ಖುಲ್ಛೇ ನಾ ಆಯಿತು. "ಬಾ ಖುಲ್ಛೇ ನಾ ಮಾರಾಯ್ತಿ, ದೋಸೆ ಆಗ್ಬಹುದಾ?" ಎಂದು ಗಲ್ಲಾದಿಂದಲೇ ಕೂಗುವರು.

ಆ ಭಾನುವಾರ ಪಂಕ್ತಿಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ. ಸಾರು ತಂದ ವಾದಿರಾಯರು, ನಿನ್ನ ಪುಟದ ರೋಗ ಎಂತದು, ನನಗೆ ತಿಳಿಯುವ ಹಾಗೆ ಹೇಳು ಎಂದರು. ನಾನು ಹೇಳಿದೆ: ನಾವು ಬರೆದದ್ದನ್ನೆಲ್ಲ ಒಂದು ಯಂತ್ರ ಒಂದೇ ಗಂಟು ಕಟ್ಟುತ್ತದೆ. ಗಿರಾಕಿ ಪುಟ ತೆರೆದ ಕೂಡಲೇ ಆ ಗಂಟು ಪೂರ್ತಿ ಅವನ ಫೋನಿಗೆ ಹೋಗಬೇಕು, ಅಲ್ಲಿ ಬಿಚ್ಚಬೇಕು, ಆಮೇಲೆ ಪುಟ ಕಾಣುತ್ತದೆ. ಅವರು ಸೌಟು ಹಿಡಿದುಕೊಂಡೇ ಯೋಚಿಸಿದರು. ಸಾಲಿನಲ್ಲಿ ಆಚೆಯವರು ಅನ್ನ ಕಲಸಲು ಸಾರಿಲ್ಲದೆ ಕಾದರು.

"ಅವ ಕೇಳಿದ್ದು ಒಂದು ಎಲೆ," ಎಂದರು. "ನೀನು ಅಡುಗೆಮನೆ ಹೊತ್ಕೊಂಡು ಹೋಗಿ ಅವನ ತೊಡೆ ಮೇಲೆ ಇಟ್ಟದ್ದು. ಮೊದಲು ಉಪ್ಪು ಉಪ್ಪಿನಕಾಯಿ ಬಡಿಸು ಮಾರಾಯ್ತಿ. ಎಲೆ ತುಂಬಿದ ಹಾಗೆ ಕಂಡ್ರೆ ಮನುಷ್ಯ ಕೂತ್ಕೊಳ್ತಾನೆ."

ಇದನ್ನೇ ನಮ್ಮ ಕಸುಬಿನಲ್ಲಿ ಕೋಡ್ ಒಡೆಯುವುದು ಎನ್ನುತ್ತಾರೆ. ನನಗೆ ಗೊತ್ತಿರಲಿಲ್ಲವೆಂದಲ್ಲ, ಆಫೀಸಿನಲ್ಲಿ ಈ ವಿಷಯದ ಮೇಲೆ ಸ್ಲೈಡ್ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಗೊತ್ತಿದ್ದೂ ಮಾಡಿರಲಿಲ್ಲ, ಇಡ್ಲಿಯ ಹಬೆಯ ಮೋಹ. ಆ ವಾರ ಒಂದೇ ಗಂಟನ್ನು ತುಂಡು ಮಾಡಿದೆ. ಊಟದ ಪಟ್ಟಿ ಮತ್ತು ಮನೆ ನಂಬರು ಬರೆಯುವ ಜಾಗ ಮೊದಲ ತುಂಡು, ಅದಷ್ಟೇ ಕೂಡಲೇ ಬರಬೇಕು. ಮಿಕ್ಕದ್ದೆಲ್ಲ ಗಿರಾಕಿ ಕೇಳಿದಾಗ. ಇಡ್ಲಿಯ ವಿಡಿಯೋವನ್ನು ಶ್ರಾವ್ಯ ನನ್ನ ಕೈಯಿಂದಲೇ ಅಳಿಸಿಸಿದಳು. ಥರ್ಮಾಮೀಟರು ತಾನಾಗಿ ಹೋಯಿತು.

ಹುರುಪು ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ. ತುಂಡು ಮಾಡಿ ಮಾಡಿ ನಲವತ್ತಕ್ಕೆ ಮುಟ್ಟಿಸಿದೆ. ಈಗ ಪುಟ ಥಟ್ಟನೆ ತೆರೆಯುತ್ತಿತ್ತು, ಆದರೆ ಬೆರಳಿಟ್ಟಲ್ಲೆಲ್ಲ ಒಂದೊಂದು ಗಳಿಗೆ ಕಾಯಬೇಕು. ಕೋಸಂಬರಿ ಒತ್ತಿದರೆ ಕಾಯಿ, ಪಲ್ಯ ಒತ್ತಿದರೆ ಕಾಯಿ. ವಾದಿರಾಯರು ತಾವೇ ಒತ್ತಿ ನೋಡಿ, ಇದು ಒಂದೊಂದೇ ಅಗುಳು ಬಡಿಸಿದ ಹಾಗಾಯಿತು ಎಂದರು. ಅವರು ಪಲ್ಯ ಮುಗಿಯುವ ಮೊದಲೇ ಸಾರಿನ ಪಾತ್ರೆಯನ್ನು ಸಾಲಿನ ತುದಿಗೆ ತಂದಿಟ್ಟುಕೊಳ್ಳುವುದನ್ನು ಎಷ್ಟೋ ಭಾನುವಾರ ನೋಡಿದ್ದೆ. ನಾನೂ ಹಾಗೆಯೇ ಮಾಡಿದೆ: ಗಿರಾಕಿ ಪಟ್ಟಿ ಓದುತ್ತಿರುವಾಗಲೇ ತಿನಿಸುಗಳ ತುಂಡುಗಳು ಸದ್ದಿಲ್ಲದೆ ಬಂದು ಕಾಯುವಂತೆ. ಕೊನೆಯ ಒಂದು ತುಂಡನ್ನು ಮಾತ್ರ ಹಾಗೇ ಬಿಟ್ಟೆ. ವಿಳಾಸ ನಕ್ಷೆಯಲ್ಲಿ ಸರಿಯಿದೆಯೇ ಎಂದು ನೋಡಿ ಆರ್ಡರು ಕಳುಹಿಸುವ ತುಂಡು ಅದು, ನಕ್ಷೆಯಿಂದಾಗಿ ಭಾರ. ಕಳುಹಿಸುವ ಗುಂಡಿ ಒತ್ತಿದಾಗ ಬಂದರೆ ಸಾಕು ಎಂದುಕೊಂಡೆ.

ಸರ್ಕಾರ್ ಬಾಬು ರಬ್ಬರ್ ಬ್ಯಾಂಡಿನ ಫೋನಿನಲ್ಲಿ ಒತ್ತಿದರು. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿ ಬಂದಿತ್ತು. "ಖುಲೇ ಗ್ಯಾಛೇ," ತೆರೆದೇಬಿಟ್ಟಿತು ಎಂದು ಅವರು ಗಲ್ಲಿಗೆಲ್ಲ ಕೇಳುವಂತೆ ಸಾರಿದರು. ಆ ದಿನ ಒಂದೇ ದಿನ ನನಗೆ ನನ್ನ ಹೆಸರು ವಾಪಸು ಸಿಕ್ಕಿತು.

ಆರ್ಡರು ತೆಗೆದುಕೊಳ್ಳುವ ದಿನ ಷಷ್ಠಿ. ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಹೊರಗೆ ಡೋಲು, ಹೊಸ ಬಟ್ಟೆಯ ಜನ. ಪೆಂಡಾಲುಗಳ ಸುತ್ತ ಅಷ್ಟು ಜನ ಸೇರಿದರೆ ಫೋನುಗಳ ನೆಟ್‌ವರ್ಕೂ ಅದೇ ಗುಂಪಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೂ ನಮ್ಮ ಪುಟ ತೆರೆಯುತ್ತಿತ್ತು. ಹತ್ತು ಗಂಟೆಯಿಂದ ಆರ್ಡರುಗಳು ಬರತೊಡಗಿದವು. ಶ್ರಾವ್ಯ ಒಂದೊಂದನ್ನೂ ಜೋರಾಗಿ ಓದಿದಳು. ಬ್ಯಾನರ್ಜಿಗಳು ಒಬ್ಬೊಬ್ಬರಾಗಿ, ಮನೆ ನಂಬರಿನ ಸಮೇತ ಬಂದರು. ವಾದಿರಾಯರು ಮುಖದಲ್ಲಿ ಏನೂ ತೋರಿಸದೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

ಹನ್ನೊಂದರ ಹೊತ್ತಿಗೆ ಅವರು ಶಾವಿಗೆ ಸಾಲದು, ಹೆಸರುಬೇಳೆ ಪಾಯಸ ಮಾಡೋಣ ಎಂದರು. ಒಂದು ಹೆಸರು ಬದಲಿಸುವ ಕೆಲಸ. ಎರಡು ನಿಮಿಷದಲ್ಲಿ ಬದಲಿಸಿ, ಹೊಸ ಪುಟವನ್ನು ಮೇಲೇರಿಸಿ, ನೀರ್‌ದೋಸೆ ತರಿಸಿಕೊಂಡೆ. ಪುಟ ಏರಿಸುವ ಮುಂಚೆ, ಕೈ ಓಡುತ್ತಿದ್ದಾಗಲೇ, ಆ ಕೊನೆಯ ತುಂಡೂ ಸೇರಿ ಇನ್ನೆರಡು ಕಡೆ ಚೊಕ್ಕಟ ಕೂಡ ಮಾಡಿದ್ದೆ. ನನ್ನ ಜೀವನದಲ್ಲಿ ಕೇಡು ಬಂದಾಗಲೆಲ್ಲ ನಾನು ಏನಾದರೊಂದನ್ನು ಚೊಕ್ಕಟ ಮಾಡುತ್ತಿರುತ್ತೇನೆ.

ಮೊದಲ ಫೋನು ಬಂದಾಗ ದೋಸೆ ಅರ್ಧ ಆಗಿತ್ತು. ಗುಂಡಿ ಒತ್ತಿದರೆ ಏನೂ ಆಗುತ್ತಿಲ್ಲ. ಎರಡನೆಯದು, ಮೂರನೆಯದು. ಎಲ್ಲರದೂ ಒಂದೇ ದೂರು: ಪುಟ ಇದೆ, ಬರೆದದ್ದೆಲ್ಲ ಇದೆ, ಕಳುಹಿಸಿ ಎಂದರೆ ಕಲ್ಲಿನ ಹಾಗೆ ಕೂತಿದೆ. ನಾನು ನನ್ನ ಫೋನಿನಲ್ಲಿ ಹೊಸದಾಗಿ ತೆರೆದು ನೋಡಿದೆ, ಸರಾಗವಾಗಿ ಹೋಯಿತು. ನಮ್ಮ ಕಸುಬಿನವರು ಸಾಯುವಾಗಲೂ ಆಡುವ ಮಾತನ್ನೇ ಆಡಿದೆ. "ನನ್ನ ಫೋನ್‌ನ್ಯಾಗ ಚಲೋ ನಡ್ಯಾಕತ್ತೈತ್ರಿ."

"ಹಾಗಾದ್ರೆ ಅಷ್ಟಮಿ ಊಟ ಎಲ್ಲ ನಿಂಗೇ ಕಳಿಸುವ," ಎಂದು ವಾದಿರಾಯರು ಸ್ಟೂಲು ಎಳೆದುಕೊಂಡು ಹತ್ತಿ ಕ್ಯಾಲೆಂಡರಿಗೆ ಕೈ ಹಾಕಿದರು.

ಶ್ರಾವ್ಯ ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು. "ಅಕ್ಕ, ಪ್ಲೀಸ್, ಕುಛ್ ಕರೋ. ಅಪ್ಪ ಕ್ಯಾಲೆಂಡರ್ ತೆಗೀತಾ ಇದ್ದಾರೆ," ಎಂದಳು. ಅದುವರೆಗೆ ನನಗೆ ಇದು ಮರ್ಯಾದೆಯ ಪ್ರಶ್ನೆಯಾಗಿತ್ತು. ಆ ತಣ್ಣನೆಯ ಕೈ ತಗಲಿದ ಮೇಲೆ, ನಾನು ಯಾರದೋ ಬದುಕಿನಲ್ಲಿ ಆಟವಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಆಗ ಸರ್ಕಾರ್ ಬಾಬು ಖುದ್ದು ಬಂದರು, ಫೋನನ್ನು ತುಂಬಿದ ಲೋಟದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಬೆಳಿಗ್ಗೆ ಹತ್ತಕ್ಕೇ ಪುಟ ತೆರೆದಿದ್ದರಂತೆ. ಹದಿನೆಂಟು ಫ್ಲ್ಯಾಟುಗಳ ಮೆಟ್ಟಿಲು ಹತ್ತಿ ಇಳಿದು, ಪ್ರತಿ ಮನೆಯಲ್ಲಿ ಚಹಾ ಕುಡಿದು, ಅವರವರ ಬೇಕು ಬೇಡಗಳನ್ನೆಲ್ಲ ತುಂಬಿ, ಈಗ ಗುಂಡಿ ಒತ್ತಿದರೆ ಹೋಗುತ್ತಿಲ್ಲ. ಮುಚ್ಚಿ ಮತ್ತೆ ತೆರೆಯಿರಿ ಎಂದೆ. ಬರೆದದ್ದೆಲ್ಲ ಉಳಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಮುಚ್ಚುವುದಿಲ್ಲ, ಇನ್ನೊಂದು ಸುತ್ತಿನ ಹದಿನೆಂಟು ಚಹಾ ತಡೆಯುವ ಹೊಟ್ಟೆ ತನ್ನದಲ್ಲ ಎಂದು ಬೆಂಚಿನ ಮೇಲೆ ಕೂತುಬಿಟ್ಟರು.

ವಾದಿರಾಯರು ಸ್ಟೂಲಿನ ಮೇಲಿಂದಲೇ ಕೇಳಿದರು, ಇವರು ಪಂಕ್ತಿಗೆ ಕೂತದ್ದು ಯಾವಾಗ? ಹತ್ತಕ್ಕೆ ಎಂದೆ. ನೀನು ಪಾಯಸ ಬದಲಿಸಿದ್ದು? ಹನ್ನೊಂದಕ್ಕೆ. ಮೊದಲಿನ ಅಡುಗೆ ಎಲ್ಲಿ?

ಮೊದಲಿನ ಅಡುಗೆಯನ್ನು ನಾನು ಅಳಿಸಿದ್ದೆ. ಹೊಸ ಪುಟ ಏರಿಸುವ ಮುಂಚೆ ಹಳೆಯ ತುಂಡುಗಳನ್ನೆಲ್ಲ ಗುಡಿಸಿ ಹಾಕು ಎಂದು ನಾನೇ ಬರೆದಿಟ್ಟಿದ್ದೆ, ಚೊಕ್ಕಟದ ಬುದ್ಧಿ. ಪ್ರತಿ ತುಂಡಿಗೂ ಯಂತ್ರವೇ ಒಂದು ಹೆಸರಿಡುತ್ತದೆ, ಒಳಗೆ ಏನಾದರೂ ಬದಲಾದರೆ ಹೆಸರೂ ಬದಲಾಗುತ್ತದೆ. ಹತ್ತಕ್ಕೆ ಪುಟ ತೆರೆದವರು ಹನ್ನೊಂದರ ಆಮೇಲೆ ಗುಂಡಿ ಒತ್ತಿದಾಗ, ಅವರ ಫೋನು ಕೊನೆಯ ತುಂಡನ್ನು ಹಳೆಯ ಹೆಸರು ಹಿಡಿದು ಕೂಗುತ್ತಿತ್ತು. ಆ ಹೆಸರಿನವರು ಮನೆಯಲ್ಲಿರಲಿಲ್ಲ. ನನ್ನ ಫೋನು ಹೊಸದಾಗಿ ಕೂತದ್ದು, ಹೊಸ ಹೆಸರು ಕೂಗಿತು, ಸಿಕ್ಕಿತು.

ವಾದಿರಾಯರು ಸ್ಟೂಲಿನಿಂದ ಇಳಿದರು. ಅಷ್ಟು ದಿನಗಳ ತಮಾಷೆ ಅವರ ಮುಖದಲ್ಲಿರಲಿಲ್ಲ. ಹುಡುಗನಾಗಿದ್ದಾಗ ಒಂದು ಮದುವೆಯಲ್ಲಿ ಎರಡನೇ ಪಂಕ್ತಿಗೆ ಅವಸರವೆಂದು, ಮೊದಲ ಪಂಕ್ತಿಯಲ್ಲಿ ಒಬ್ಬ ಮುದುಕರು ಉಣ್ಣುತ್ತಿರುವಾಗಲೇ ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಸೋದರಮಾವನಿಂದ ಕೆನ್ನೆಗೆ ತಿಂದಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಆಮೇಲೆ. ಆಗ ಹೇಳಿದ್ದು ಇಷ್ಟೇ.

"ಪಂಕ್ತಿ ಏಳುವ ಮುಂಚೆ ಪಾತ್ರೆ ಎತ್ತಬಾರ್ದು, ರೇಣುಕಾ. ಹೊಸ ಅಡುಗೆ ಎಷ್ಟು ಬೇಕಾದ್ರೂ ಮಾಡು. ಕೂತವರದ್ದು ಮುಗೀಲಿ."

ಹಾಗೆ ನನ್ನ ಹೆಸರು ಹಿಡಿದು ಕರೆದದ್ದು ಬೈಗುಳಕ್ಕಿಂತ ಜಾಸ್ತಿ ನಾಟಿತು. ಹಳೆಯ ತುಂಡುಗಳನ್ನು ಲ್ಯಾಪ್‌ಟಾಪಿನಿಂದ ಹುಡುಕಿ ಮತ್ತೆ ಮೇಲೇರಿಸಿದೆ, ಹೊಸವುಗಳ ಪಕ್ಕದಲ್ಲೇ. ಗುಡಿಸುವ ಸಾಲನ್ನು ಕಿತ್ತುಹಾಕಿ, ಅದರ ಜಾಗದಲ್ಲಿ, ಯಂತ್ರ ಓದದ ಟಿಪ್ಪಣಿಯಾಗಿ, ಅವರ ಮಾತನ್ನೇ ಕನ್ನಡದಲ್ಲಿ ಬರೆದೆ: ಪಂಕ್ತಿ ಏಳುವ ಮುಂಚೆ ಪಾತ್ರೆ ಎತ್ತಬೇಡಿ. ಈಗ ಒತ್ತಿ ಎಂದು ಸರ್ಕಾರ್ ಬಾಬುಗೆ ಹೇಳಿದೆ. ಅವರು ದುರ್ಗೆಯನ್ನು ನೆನೆದು ಒತ್ತಿದರು. ಹದಿನೆಂಟು ಫ್ಲ್ಯಾಟುಗಳ ಊಟ ಶ್ರಾವ್ಯಳ ಪರದೆಯ ಮೇಲೆ ಬಂದು ಬಿತ್ತು. ಅವಳು ಒಂದೊಂದಕ್ಕೂ ಬೆರಳಿಟ್ಟು ಎಣಿಸಿದಳು, ಹದಿನೆಂಟೂ ಇದ್ದವು. ಫೋನ್ ಮಾಡಿದವರಿಗೆಲ್ಲ ನಾನು ತಿರುಗಿ ಫೋನ್ ಮಾಡಿ ಇನ್ನೊಮ್ಮೆ ಒತ್ತಿರಿ ಎಂದೆ. ಸ್ಟೂಲು ಗೋಡೆಯ ಹತ್ತಿರವೇ ಉಳಿಯಿತು, ಕ್ಯಾಲೆಂಡರೂ ಉಳಿಯಿತು, ಒಂದು ಮೊಳೆಯಿಂದ ಓರೆಯಾಗಿ.

ಅಷ್ಟಮಿಯ ಊಟಗಳು ಹೋದವು. ಶಾವಿಗೆಯೆಂದು ಆರ್ಡರು ಮಾಡಿದವರಿಗೆ ಶಾವಿಗೆಯನ್ನೇ, ಹೆಸರುಬೇಳೆಯೆಂದವರಿಗೆ ಹೆಸರುಬೇಳೆಯನ್ನೇ ಕಳಿಸಿದರು ವಾದಿರಾಯರು. ಹಳೆಯ ಪಂಕ್ತಿಗೆ ಸಾಲುವಷ್ಟು ಶಾವಿಗೆಯನ್ನು ಎಲ್ಲಿಂದಲೋ ಹೊಂದಿಸಿದ್ದರು. ಮಗಳಿಗೆ ಶಾಭಾಸ್ ಎನ್ನಲಿಲ್ಲ. ಪೂಜೆ ಮುಗಿದ ಮೇಲಿನ ಭಾನುವಾರ, ಎಲೆ ಹಾಕಿ ಅನ್ನ ಬಡಿಸಿ ಆದ ಮೇಲೆ, ಅವರು ಸಾರಿನ ಪಾತ್ರೆ ತಂದು ಶ್ರಾವ್ಯಳ ಕೈಗೆ ಕೊಟ್ಟು, ಸೌಟನ್ನು ಅದರೊಳಗಿಟ್ಟು, ಗಲ್ಲಾಕ್ಕೆ ಹೋಗಿ ಕೂತರು. ಅವಳು ಮೊದಲ ಎಲೆಗೇ ಚೆಲ್ಲಿದಳು. ಆ ಎಲೆ ನನ್ನದು. ಸಾರು ಬಿಸಿಯಾಗಿತ್ತು, ನಾನು ಅನ್ನ ಕಲಸಿದೆ.

ಇದನ್ನೆಲ್ಲ ನೆನೆಯುತ್ತಾ ಕಳೆದ ತಿಂಗಳು ಆ ಗಲ್ಲಿಯಲ್ಲಿ ನಿಂತಿದ್ದೆ. ಹೋಟೆಲ್ ಇತ್ತು. ಗಲ್ಲಾದಲ್ಲಿ ಶ್ರಾವ್ಯ ಇದ್ದಳು. ಪುಟವನ್ನು ಈಗ ಬಂಗಾಳಿ ಹುಡುಗಿಯೊಬ್ಬಳು ನೋಡಿಕೊಳ್ಳುತ್ತಾಳಂತೆ. ಎಲ್ಲವನ್ನೂ ಹೊಸದಾಗಿ ಬರೆದರೂ ಆ ಒಂದು ಕನ್ನಡ ಸಾಲನ್ನು ಮಾತ್ರ ಮುಟ್ಟಿಲ್ಲ. ಅದು ಮಂತ್ರ, ತೆಗೆದರೆ ಪುಟ ಬೀಳುತ್ತದೆ ಎಂದು ಅವಳ ನಂಬಿಕೆ. ಶ್ರಾವ್ಯ ಅವಳನ್ನು ತಿದ್ದಲು ಹೋಗಿಲ್ಲ.

ಪಂಕ್ತಿಯಲ್ಲಿ ಕೂತೆ. ಸರ್ಕಾರ್ ಬಾಬು ಎದುರಿಗೇ ಇದ್ದರು, ಖುಲ್ಛೇ ನಾ ಬಂದಳು ಎಂದು ಪಕ್ಕದವರಿಗೆ ನನ್ನ ಪರಿಚಯ ಮಾಡಿಸಿದರು. ಸಾಲಿನ ಕೊನೆಯ ಎಲೆಗೆ ಶ್ರಾವ್ಯ ವಾದಿರಾಯರನ್ನು ಕೈಹಿಡಿದು ತಂದು ಕೂರಿಸಿದಳು. ಅವರ ಬಲಗೈ ಈಗ ನಡುಗುತ್ತದೆ. ಒಂದು ತುತ್ತು ಎಲೆಯಿಂದ ಬಾಯಿಗೆ ಹೋಗುವುದರೊಳಗೆ ಅರ್ಧ ಮತ್ತೆ ಎಲೆಗೇ ಬೀಳುತ್ತದೆ. ನಾವೆಲ್ಲ ಮಜ್ಜಿಗೆ ಮುಗಿಸಿದಾಗ ಅವರಿನ್ನೂ ಸಾರಿನಲ್ಲೇ ಇದ್ದರು.

ನನ್ನ ಫೋನು ಅಲುಗಿತು. ವಿಮಾನ ನಿಲ್ದಾಣದ ಕ್ಯಾಬ್‌ನವನು ಗಲ್ಲಿಯ ಬಾಯಲ್ಲಿದ್ದ. ಎರಡನೇ ಸಲ ಅಲುಗಿತು. ಮೂವತ್ತು ಜನ ಒಣಗಿದ ಕೈಯನ್ನು ಎಲೆಯ ಮೇಲಿಟ್ಟುಕೊಂಡು ಕೂತಿದ್ದರು, ಒಬ್ಬರೂ ಏಳಲಿಲ್ಲ. ನಾನು ಫೋನನ್ನು ಬೋರಲು ಹಾಕಿದೆ. ನನಗೆ ಕಣ್ಣು ತುಂಬಿ ಬಂದಿತ್ತು, ಮೆಣಸು ಜಾಸ್ತಿಯಾಯಿತೆಂದು ಸರ್ಕಾರ್ ಬಾಬುಗೆ ಹೇಳಿದೆ.

ಶ್ರಾವ್ಯ ಸಾರಿನ ಪಾತ್ರೆ ಹಿಡಿದು ಅಪ್ಪನ ಎಲೆಯ ಹತ್ತಿರವೇ ನಿಂತಿದ್ದಳು. ಮುಂದಿನ ಪಂಕ್ತಿಯವರು ಬಾಗಿಲಾಚೆ ಕಾಯುತ್ತಿದ್ದರು. ಅವಳು ಬಗ್ಗಿ, "ಇನ್ನೂ ಸ್ವಲ್ಪ ಹಾಕ್ಲಾ, ಅಪ್ಪ?" ಎಂದು ಕೇಳಿದಳು.

ವಾದಿರಾಯರು ಸಾಲಿನುದ್ದಕ್ಕೂ ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ಹಾಕು," ಎಂದರು. "ಯಾರಿಗೂ ಅವಸರ ಇಲ್ಲ."